ತಪ್ಪುಗಳ ಲೆಕ್ಕವಿಟ್ಟ ವೈದ್ಯ

ಮತ್ತೆ ತೆಗೆಯಬೇಕಾಗಿ ಬಂದ ಎಕ್ಸ್‌-ರೇಗಳೆಷ್ಟು, ವರದಿ ಕೈಸೇರಲು ಹಿಡಿದ ಹೊತ್ತೆಷ್ಟು, ಚಿತ್ರ ನೋಡಿ ಬರೆದದ್ದಕ್ಕೂ ಶಸ್ತ್ರಚಿಕಿತ್ಸೆಯಲ್ಲಿ ಕಂಡದ್ದಕ್ಕೂ ತಾಳೆಯಾಗದ ಪ್ರಕರಣಗಳೆಷ್ಟು? ರೇಡಿಯಾಲಜಿ ವಿಭಾಗಗಳ ಗುಣಮಟ್ಟ ಸುಧಾರಣೆ ಇಂದು ಇಂಥ ಲೆಕ್ಕಗಳಿಂದಲೇ ಆರಂಭವಾಗುತ್ತದೆ. ಇದರ ಬೇರು ಹುಡುಕಿ ಹೊರಟರೆ ಬಾಸ್ಟನ್ ನಗರದ ಅರ್ನೆಸ್ಟ್ ಅಮೋರಿ ಕಾಡ್‌ಮನ್ ಎದುರಾಗುತ್ತಾರೆ.

1869ರಲ್ಲಿ ಜನಿಸಿದ ಕಾಡ್‌ಮನ್ ವೃತ್ತಿಯಿಂದ ಶಸ್ತ್ರಚಿಕಿತ್ಸಕರು. ಆದರೆ 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣ ಅವರನ್ನು ಬಹುಬೇಗ ಸೆಳೆಯಿತು. 1899ರಲ್ಲಿ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಕ್ಷ-ಕಿರಣ ಚಿತ್ರಗಳ ಹೊಣೆ ಹೊತ್ತರು. ರೋಗವನ್ನು ಗುರುತಿಸಲು ಆರೋಗ್ಯವಂತ ದೇಹದ ಅರಿವು ಬೇಕಷ್ಟೆ. ಅದಕ್ಕಾಗಿ ಸಹಜ ಕೀಲುಗಳ ಚಿತ್ರಸಂಪುಟವನ್ನೇ ಸಿದ್ಧಪಡಿಸಿದರು. ಹೊಸ ಕಿರಣದ ಗುಣಗಾನ ನಡೆದಿದ್ದ ಕಾಲದಲ್ಲಿ, ಅದರಿಂದ ಸುಟ್ಟಗಾಯವಾದ ಪ್ರಕರಣಗಳನ್ನು ಒಂದೆಡೆ ಕಲೆಹಾಕಿ 1902ರಲ್ಲಿ ಪ್ರಕಟಿಸಿದರು.

ಹಾನಿಯನ್ನೂ ಎಣಿಸಬೇಕೆಂಬ ಈ ಹಟವೇ ಮುಂದೆ ಅವರ ಜೀವನದ ದಿಕ್ಕನ್ನು ನಿರ್ಧರಿಸಿತು. ಪ್ರತಿ ರೋಗಿಗೂ ಒಂದು ಚೀಟಿ. ರೋಗನಿರ್ಣಯ, ಚಿಕಿತ್ಸೆ, ವರ್ಷದ ಬಳಿಕದ ಸ್ಥಿತಿ ಅದರಲ್ಲಿ ದಾಖಲು. ಫಲ ಸರಿಯಿರದಿದ್ದರೆ ಕಾರಣವನ್ನೂ ಬರೆಯಬೇಕು. ಹಿರಿತನಕ್ಕಷ್ಟೇ ಬಡ್ತಿ ನೀಡುವ ಕ್ರಮವನ್ನು ಪ್ರತಿಭಟಿಸಿ 1914ರಲ್ಲಿ ಅವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯನ್ನು ತೊರೆದರು. 1911ರಲ್ಲಿ ತೆರೆದಿದ್ದ ಸ್ವಂತ ಪುಟ್ಟ ಆಸ್ಪತ್ರೆಯಲ್ಲಿ 1916ರವರೆಗೆ ಚಿಕಿತ್ಸೆ ಪಡೆದ 337 ರೋಗಿಗಳಲ್ಲಿ 123 ತಪ್ಪುಗಳನ್ನು ಗುರುತಿಸಿದರು. ಕೌಶಲದ ಕೊರತೆ, ವಿವೇಚನೆಯ ಕೊರತೆ, ಆರೈಕೆಯ ಅಥವಾ ಸಲಕರಣೆಯ ಕೊರತೆ, ರೋಗನಿರ್ಣಯದ ದೋಷ ಎಂದು ವಿಂಗಡಿಸಿ ಅಚ್ಚು ಹಾಕಿಸಿದರು.

ವೃತ್ತಿಬಾಂಧವರು ಇದನ್ನು ಸಹಿಸಲಿಲ್ಲ. 1915ರ ವೈದ್ಯರ ಸಭೆಯೊಂದರಲ್ಲಿ ಕಾಡ್‌ಮನ್ ವ್ಯಂಗ್ಯಚಿತ್ರವೊಂದನ್ನು ಅನಾವರಣಗೊಳಿಸಿದರು: ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ ವೈದ್ಯರತ್ತ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿತ್ತು. ಸಿರಿವಂತ ರೋಗಿಗಳ ಅಜ್ಞಾನವೂ ವೈದ್ಯರ ಮೌನವೂ ಒಟ್ಟಿಗೇ ಬಯಲಾಗಿದ್ದವು. ಸಭೆಯ ಅಧ್ಯಕ್ಷ ಸ್ಥಾನ ಹೋಯಿತು, ಹಾರ್ವರ್ಡ್‌ನ ಬೋಧಕ ಹುದ್ದೆ ಹೋಯಿತು, ಗಳಿಕೆಯೂ ಕುಸಿಯಿತು.

ಅವರ ವಿಚಾರ ಮಾತ್ರ ಉಳಿಯಿತು. ಅವರೂ ಸೇರಿ ಕಟ್ಟಿದ ಅಮೆರಿಕನ್ ಶಸ್ತ್ರಚಿಕಿತ್ಸಕರ ಸಂಸ್ಥೆ ಆಸ್ಪತ್ರೆಗಳ ತಪಾಸಣೆ ನಡೆಸಿದಾಗ, 692ರಲ್ಲಿ ಕನಿಷ್ಠ ಮಟ್ಟ ಮುಟ್ಟಿದ್ದು 89 ಮಾತ್ರ. 1919ರಲ್ಲಿ ಆ ಪಟ್ಟಿಯನ್ನು ನ್ಯೂಯಾರ್ಕ್‌ನ ಹೋಟೆಲೊಂದರ ಕುಲುಮೆಗೆ ಹಾಕಲಾಯಿತು. ಪಟ್ಟಿ ಸುಟ್ಟರೂ ತಪಾಸಣೆ ನಿಲ್ಲಲಿಲ್ಲ. 1951ರಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಂಟಿ ಆಯೋಗವಾಗಿ ಅದು ಬೆಳೆಯಿತು. ಇತ್ತ ಕಾಡ್‌ಮನ್ 1920ರಲ್ಲಿ ಮೂಳೆ ಕ್ಯಾನ್ಸರ್‌ನ ನೋಂದಣಿಯನ್ನು ಆರಂಭಿಸಿ, ಹಲವೆಡೆಯ ವೈದ್ಯರಿಂದ ಕ್ಷ-ಕಿರಣ ಚಿತ್ರಗಳನ್ನೂ ರೋಗಿಗಳ ವಿವರಗಳನ್ನೂ ತರಿಸಿ ಹೋಲಿಸಿ ನೋಡಿದರು. ಚಿತ್ರದ ಓದು ಸರಿಯೇ ಎಂಬುದನ್ನು ರೋಗಿಯ ಮುಂದಿನ ಸ್ಥಿತಿಯೇ ಹೇಳಬೇಕಿತ್ತು.

1940ರಲ್ಲಿ ಅವರು ತೀರಿಕೊಂಡರು. ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 2014ರಲ್ಲಿ. ಇಂದು ಲೆಕ್ಕವಿಡಲು ಗಣಕಯಂತ್ರವಿದೆ, ನಮೂನೆಗಳಿವೆ. ತಪ್ಪನ್ನು ಹೇಳಿಕೊಂಡ ಸಹೋದ್ಯೋಗಿಯನ್ನು ದಂಡಿಸದಿರುವ ಮನಸ್ಸಿದ್ದಾಗ ಮಾತ್ರ ಆ ಲೆಕ್ಕದಲ್ಲಿ ನಿಜ ಇರುತ್ತದೆ.