ಹೆನ್ರಿ ಮೇಷ್ಟ್ರ ಪಾದರಸದ ಬಟ್ಟಲು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ತೋಟದ ಪಂಪ್‌ಮನೆಗೆ ಹೋದ್ರೆ ಗೋಡೆ ಮೇಲೊಂದು ಸ್ಟಾರ್ಟರ್ ಇರುತ್ತೆ. ಅದೇ ಸ್ಟಾರ್ಟರ್‌ನ ಡಯಾಗ್ರಾಂ ಹಾಸನದ ಲ್ಯಾಬಲ್ಲಿ ಕೈಗೆ ಬಂದಾಗ ನಮ್ಮಲ್ಲಿ ಹಲವರು ಎಡವೋದು ಎರಡು ಪುಟ್ಟ ಗೆರೆಗಳ ಹತ್ತಿರ. ಪಕ್ಕಪಕ್ಕ ಎರಡು ಗೆರೆ ಇದ್ದರೆ ನಾರ್ಮಲಿ ಓಪನ್. ಅವುಗಳ ಮೇಲೆ ಓರೆಗೆರೆ ಎಳೆದಿದ್ದರೆ ನಾರ್ಮಲಿ ಕ್ಲೋಸ್ಡ್. ನಾರ್ಮಲಿ ಅಂದ್ರೆ ಮೋಟರ್ ಓಡ್ತಿರುವಾಗ ಅಲ್ಲ, ಕಾಯಿಲ್‌ಗೆ ಕರೆಂಟ್ ಇಲ್ಲದಾಗ. ಇದು ತಲೆಗೆ ಹತ್ತದವರು ಜೋಸೆಫ್ ಹೆನ್ರಿಯವರ ಕಥೆ ಓದಬೇಕು.

ಹುಟ್ಟಿದ್ದು 1797ರಲ್ಲಿ, ಅಮೆರಿಕದ ಆಲ್ಬನಿಯಲ್ಲಿ. ಮನೆಯಲ್ಲಿ ಬಡತನ. ಹುಡುಗನಾಗಿದ್ದಾಗಲೇ ಗಡಿಯಾರ, ಬೆಳ್ಳಿ ಕೆಲಸ ಮಾಡುವವರ ಹತ್ತಿರ ಕೆಲಸ ಕಲಿಯೋಕೆ ಸೇರಿದರು. 1826ರಲ್ಲಿ ಆಲ್ಬನಿ ಅಕಾಡೆಮಿಯಲ್ಲಿ ಮೇಷ್ಟ್ರಾದರು. ತಂತಿಗೆ ರೇಷ್ಮೆ ಸುತ್ತಿ, ಪದರ ಪದರವಾಗಿ ಸುರುಳಿ ಹಾಕಿ, 1831ರ ಹೊತ್ತಿಗೆ 900 ಕಿಲೋಗೂ ಹೆಚ್ಚು ಭಾರ ಎತ್ತುವ ವಿದ್ಯುತ್ಕಾಂತ ಮಾಡಿದರು. ಇನ್ನೊಂದು ಬಗೆಯ ಕಾಂತದಿಂದ ಒಂದು ಮೈಲಿಗೂ ಉದ್ದದ ತಂತಿಯ ಆಚೆ ತುದಿಯಲ್ಲಿ ಗಂಟೆ ಬಾರಿಸಿದರು. ತೊಂದರೆ ಏನಂದ್ರೆ, ಭಾರ ಎತ್ತುವ ಕಾಂತ ಉದ್ದದ ತಂತಿಗೆ ಕೆಲಸ ಮಾಡಲ್ಲ, ದೂರಕ್ಕೆ ಕೆಲಸ ಮಾಡೋದಕ್ಕೆ ಬಲ ಸಾಲಲ್ಲ.

ಪ್ರಿನ್ಸ್‌ಟನ್‌ಗೆ ಹೋದ ಮೇಲೆ, 1835ರ ಸುಮಾರಿಗೆ, ಎರಡನ್ನೂ ಜೋಡಿಸಿದರು. ದೊಡ್ಡ ಕಾಂತ ಭಾರ ಹಿಡಿದು ನಿಂತಿದೆ. ಅದರ ಸರ್ಕ್ಯೂಟ್ ಪೂರ್ತಿಯಾಗೋದು ಪಾದರಸದ ಬಟ್ಟಲುಗಳಲ್ಲಿ ಅದ್ದಿದ ಒಂದು ತಂತಿಯಿಂದ. ದೂರದಿಂದ ಸಣ್ಣ ಕರೆಂಟ್ ಬಂದ ಕೂಡಲೇ ಚಿಕ್ಕ ಕಾಂತ ಆ ತಂತಿಯನ್ನು ಮೇಲಕ್ಕೆ ಎಳೆಯುತ್ತೆ, ಸರ್ಕ್ಯೂಟ್ ಕಡಿಯುತ್ತೆ, ಭಾರ ಧಡ್ ಅಂತ ಬೀಳುತ್ತೆ. ಕಾಯಿಲ್ ಸುಮ್ಮನಿದ್ದಾಗ ಮುಚ್ಚಿದ್ದು, ಎಚ್ಚರವಾದಾಗ ತೆರೆದದ್ದು: ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಅದು ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟ್. ಓರೆಗೆರೆ ಬಂದದ್ದು ಎಷ್ಟೋ ಕಾಲದ ಮೇಲೆ.

ಹೆನ್ರಿ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಟೆಲಿಗ್ರಾಫ್‌ನ ಹಣ, ಹೆಸರು ಎರಡೂ ಮೋರ್ಸ್‌ಗೆ ಹೋಯಿತು. ಹೆನ್ರಿ ಮೋರ್ಸ್‌ಗೆ ಸಲಹೆ ಕೊಟ್ಟವರೇ. ಆದರೆ ಪೇಟೆಂಟ್ ಜಗಳ ಕೋರ್ಟಿಗೆ ಹೋದಾಗ ಸಾಕ್ಷಿ ಹೇಳಬೇಕಾಯಿತು, ಸ್ನೇಹ ಕೆಟ್ಟಿತು, 1855ರಲ್ಲಿ ಮೋರ್ಸ್ ಅಚ್ಚಿನಲ್ಲೇ ಅವರನ್ನು ಹಳಿದರು. ಆಗ ಹೆನ್ರಿ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರು. ಸಂಸ್ಥೆಯ ಆಡಳಿತ ಮಂಡಳಿ ದಾಖಲೆ ತರಿಸಿ ನೋಡಿ ಹೆನ್ರಿ ಪರವಾಗಿಯೇ ನಿಂತಿತು. ನನಗಂತೂ ಪೇಟೆಂಟ್ ಬಿಟ್ಟದ್ದು ಅತಿಯಾದ ಸಂಕೋಚ ಅನ್ಸುತ್ತೆ. 1878ರಲ್ಲಿ ತೀರಿಕೊಂಡರು. ಇಂಡಕ್ಟೆನ್ಸ್‌ನ ಅಳತೆಯ ಮಾನಕ್ಕೆ ಅವರ ಹೆಸರಿಟ್ಟದ್ದು ಅದಾದ 15 ವರ್ಷಕ್ಕೆ.

ಈಗ ಸ್ಟಾರ್ಟರ್ ಡಯಾಗ್ರಾಂ ಮತ್ತೆ ತೆಗೀರಿ. ಓವರ್‌ಲೋಡ್ ರಿಲೇಯ 95–96 ಹುಡುಕಿ, ಓರೆಗೆರೆ ಇರುತ್ತೆ. ಅಲ್ಲಿ ಕಾಂಟ್ಯಾಕ್ಟ್ ತಳ್ಳೋದು ಕಾಂತ ಅಲ್ಲ, ಬಿಸಿಯಾಗಿ ಬಾಗುವ ಲೋಹದ ಪಟ್ಟಿ. ಪಂಪ್ ಜಾಮ್ ಆದಾಗ ಅದು ತೆರೆಯುತ್ತೆ, ಕಾಂಟ್ಯಾಕ್ಟರ್ ಕಾಯಿಲ್ ಬಿಟ್ಟುಕೊಡುತ್ತೆ, ಮೋಟರ್ ಸುಡುವ ಮೊದಲೇ ನಿಲ್ಲುತ್ತೆ.