ಜೇಮ್ಸ್ ಕಸಿನ್ಸ್: ಅತಿಥಿ ವಿಮರ್ಶಕರ ಮೈಸೂರು ನಂಟು

ಉಪನ್ಯಾಸ ಹಾಗೂ ಸಂವಾದಗಳಿಗೆ ಕನ್ನಡ ನಾಡು ಬರಮಾಡಿಕೊಂಡ ವಿದೇಶೀ ವಿದ್ವಾಂಸರಲ್ಲಿ ಚಿತ್ರಕಲೆ ಮತ್ತು ಕಾವ್ಯ ಎರಡರ ಚರಿತ್ರೆಯಲ್ಲಿಯೂ ಉಲ್ಲೇಖಗೊಳ್ಳುವವರು ಐರಿಷ್ ಕವಿ, ಕಲಾವಿಮರ್ಶಕ ಜೇಮ್ಸ್ ಹೆನ್ರಿ ಕಸಿನ್ಸ್.

1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜನಿಸಿದ ಕಸಿನ್ಸ್, ಡಬ್ಲಿನ್‌ನಲ್ಲಿ ಐರಿಷ್ ಸಾಹಿತ್ಯ ಪುನರುಜ್ಜೀವನದ ಲೇಖಕರೊಡನೆ ಬೆಳೆದು ಕವಿತೆ, ನಾಟಕಗಳನ್ನು ರಚಿಸಿದರು. ಆನಿ ಬೆಸೆಂಟರ ಆಹ್ವಾನದ ಮೇರೆಗೆ 1915ರಲ್ಲಿ ಪತ್ನಿ ಮಾರ್ಗರೆಟ್‌ರೊಡನೆ ಮದರಾಸಿಗೆ ಬಂದು ನ್ಯೂ ಇಂಡಿಯಾ ಪತ್ರಿಕೆಯನ್ನು ಸೇರಿದರು. 1916ರ ಐರಿಷ್ ಈಸ್ಟರ್ ದಂಗೆಯನ್ನು ಮೆಚ್ಚಿ ಬರೆದ ಕಾರಣ ಆ ಕೆಲಸವನ್ನು ಬಿಡಬೇಕಾಯಿತು; ಮದನಪಲ್ಲಿಯ ಥಿಯೊಸಾಫಿಕಲ್ ಕಾಲೇಜು ಅವರ ನೆಲೆಯಾಯಿತು. ಬಂಗಾಳ ಪಂಥದ ಚಿತ್ರಗಳ ಪರಿಚಯ ಅವರನ್ನು ಕಲಾವಿಮರ್ಶೆಯತ್ತ ತಿರುಗಿಸಿತು. 1919-20ರಲ್ಲಿ ಟೋಕಿಯೋದ ಕೇಯೋ ವಿಶ್ವವಿದ್ಯಾಲಯದಲ್ಲಿ ಬೋಧಿಸಿ ಮರಳಿದ ಅವರು ಭಾರತೀಯ ಕಲೆಯನ್ನು ಕುರಿತು ಹಲವೆಡೆ ಉಪನ್ಯಾಸ ನೀಡಿದರು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1924ರಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಆಧುನಿಕ ಭಾರತೀಯ ಚಿತ್ರಗಳ ಸಂಗ್ರಹವನ್ನು ರೂಪಿಸಲು ಕಸಿನ್ಸ್ ನೆರವಾದರು. ಬಂಗಾಳ ಪಂಥದ ಕೃತಿಗಳನ್ನು ಮೈಸೂರಿನ ಸಾಮಾನ್ಯ ಜನರೂ ನೋಡುವ ಅವಕಾಶ ಇದರಿಂದ ಒದಗಿತು.

ಅದೇ ವರ್ಷ ಉಪನ್ಯಾಸಗಳಿಗಾಗಿ ಮೈಸೂರಿನಲ್ಲಿದ್ದ ಕಸಿನ್ಸರನ್ನು ಕುವೆಂಪು ಕಂಡರು. 1922ರಲ್ಲಿಯೇ ಬಿಗಿನರ್ಸ್ ಮ್ಯೂಸ್ ಎಂಬ ಇಂಗ್ಲಿಷ್ ಕವನ ಸಂಕಲನವನ್ನು ಪ್ರಕಟಿಸಿದ್ದ ಯುವಕವಿಗೆ ಮೆಚ್ಚುಗೆಯ ನಿರೀಕ್ಷೆಯಿತ್ತು. ಕಸಿನ್ಸ್ ಕೇಳಿದ್ದು ಕನ್ನಡದಲ್ಲಿ ಏನು ಬರೆದಿದ್ದೀರಿ ಎಂಬುದನ್ನು. ಹೊಸ ಭಾವಗಳಿಗೆ ತಕ್ಕ ಛಂದೋವೈವಿಧ್ಯ ಕನ್ನಡದಲ್ಲಿಲ್ಲವೆಂಬ ಆಕ್ಷೇಪಕ್ಕೆ, ಸಮರ್ಥನಾದ ಕವಿ ತನ್ನ ಭಾಷೆಯಲ್ಲಿಯೇ ಹೊಸ ರೂಪಗಳನ್ನು ನಿರ್ಮಿಸಿಕೊಳ್ಳಬಲ್ಲನೆಂದು ಟಾಗೋರರ ನಿದರ್ಶನದೊಡನೆ ಉತ್ತರಿಸಿದರು. ನಿರಾಶೆಯನ್ನೇ ತಂದ ಆ ಭೇಟಿ ಕ್ರಮೇಣ ಕವಿಯ ದಾರಿಯನ್ನು ಬದಲಿಸಿತು.

ಈ ಘಟನೆಯನ್ನು ನವೋದಯಕ್ಕೆ ಹೊರಗಿನವರೊಬ್ಬರು ನೀಡಿದ ಕೊಡುಗೆಯೆಂದು ಬಗೆಯುವುದು ಸರಿಯಾಗಲಾರದು. ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿಯೇ ಧಾರವಾಡದಲ್ಲಿ ಮಾತನಾಡಿದ್ದರು. ನೆಲ ಹದಗೊಂಡಿದ್ದುದರಿಂದಲೇ ಕಸಿನ್ಸರ ಮಾತು ಬೇರೂರಿತು. ಆದರೆ ಅದೇ ಸಲಹೆ ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರೊಬ್ಬರಿಂದ ಬಂದದ್ದು ಅದಕ್ಕೆ ಬೇರೊಂದು ತೂಕವನ್ನು ನೀಡಿತು. ತಮ್ಮ ನಾಡಿನ ಐರಿಷ್ ಭಾಷೆ ಹಿಂದೆ ಸರಿದುದನ್ನು ಬಲ್ಲ ಕಸಿನ್ಸ್ ಬರೆದದ್ದು ಇಂಗ್ಲಿಷಿನಲ್ಲಿಯೇ ಎಂಬ ವೈರುಧ್ಯವೂ ಇಲ್ಲಿದೆ. ಭಾರತೀಯ ಕಲೆಯನ್ನು ಆಧ್ಯಾತ್ಮಿಕತೆಯ ನೆಲೆಯಲ್ಲಿಯೇ ನೋಡುವ ಅವರ ಥಿಯೊಸಾಫಿಕಲ್ ದೃಷ್ಟಿಗೂ ಮಿತಿಗಳಿದ್ದವು.

ಮುಂದೆ ತಿರುವಾಂಕೂರಿನ ಕಲಾ ಸಲಹೆಗಾರರಾದ ಕಸಿನ್ಸ್, 1935ರಲ್ಲಿ ತಿರುವನಂತಪುರದ ಶ್ರೀ ಚಿತ್ರಾಲಯದ ಸ್ಥಾಪನೆಗೆ ಕಾರಣರಾದರು. 1955ರಲ್ಲಿ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಮರುವರ್ಷ, 1956ರಲ್ಲಿ, ಕಸಿನ್ಸ್ ಮದನಪಲ್ಲಿಯಲ್ಲಿ ನಿಧನರಾದರು. ಆಹ್ವಾನಿತ ವಿಮರ್ಶಕರು ತೀರ್ಪನ್ನಷ್ಟೇ ನೀಡದೆ, ಕೇಳುವವರನ್ನು ಅವರ ಭಾಷೆಯತ್ತಲೇ ಮರಳಿಸಬಲ್ಲರೆಂಬುದಕ್ಕೆ ಅವರ ಮೈಸೂರು ನಂಟು ಸಾಕ್ಷಿಯಾಗಿದೆ.