ವತರಾಸೆ ತೀರದ ತನಾಕಾ ಶೋಜೋ

ನ್ಯಾಯಾಲಯದಲ್ಲಿ ಆಕಳಿಸಿದ ಅಪರಾಧಕ್ಕಾಗಿ 41 ದಿನಗಳ ಸೆರೆವಾಸವನ್ನು ಅನುಭವಿಸಿದವರು ಲೋಕದ ಚರಿತ್ರೆಯಲ್ಲಿ ಬಹಳ ಮಂದಿ ಇರಲಾರರು. ಜಪಾನಿನ ತನಾಕಾ ಶೋಜೋ ಅಂಥವರಲ್ಲಿ ಒಬ್ಬ. ಗಣಿಯ ವಿಷದಿಂದ ಹೊಲಗದ್ದೆಗಳನ್ನು ಕಳೆದುಕೊಂಡ ರೈತರ ಮೇಲೆಯೇ ಸರ್ಕಾರ ಮೊಕದ್ದಮೆ ಹೂಡಿತ್ತು. 1900ರ ನವೆಂಬರಿನಲ್ಲಿ ಅದರ ವಿಚಾರಣೆ ನಡೆಯುತ್ತಿದ್ದಾಗ, ಸರ್ಕಾರದ ಪರವಾದ ವಾದವನ್ನು ಕೇಳುತ್ತ ಕುಳಿತಿದ್ದ ಆತ ದೊಡ್ಡದಾಗಿ ಬಾಯಿ ತೆರೆದು ಆಕಳಿಸಿದ. ಅದು ಅಧಿಕಾರಕ್ಕೆ ಮಾಡಿದ ಅವಮಾನವೆಂದು ತೀರ್ಮಾನವಾಗಿ 1902ರಲ್ಲಿ ಶಿಕ್ಷೆ ಜಾರಿಗೆ ಬಂತು. ಆಗ ಆತನಿಗೆ ಅರವತ್ತು ವರ್ಷ. ಸೆರೆಮನೆ ಆತನಿಗೆ ಹೊಸದೇನೂ ಆಗಿರಲಿಲ್ಲ. ಅದು ನಾಲ್ಕನೆಯ ಸಲ.

ಹುಟ್ಟಿದುದು 1841ರಲ್ಲಿ, ಟೋಕಿಯೋ ನಗರದ ಉತ್ತರಕ್ಕೆ ಈಗ ತೋಚಿಗಿ ಪ್ರಾಂತ್ಯವೆನಿಸಿರುವ ಸೀಮೆಯ ಕೊನಾಕಾ ಎಂಬ ಹಳ್ಳಿಯಲ್ಲಿ. ಮನೆತನಕ್ಕೆ ಊರಿನ ಪಟೇಲಿಕೆಯಿತ್ತು. ಹರೆಯದಲ್ಲಿಯೇ ಆ ಹೊಣೆ ಹೊತ್ತ ತರುಣ, ರೈತರ ಪರವಾಗಿ ಪಾಳೆಯಗಾರನ ಮನೆತನವನ್ನು ಎದುರಿಸಿ, ಮೈ ನೀಡಲೂ ಬಾರದ ಇಕ್ಕಟ್ಟಾದ ಕೋಣೆಯಲ್ಲಿ ಹತ್ತು ತಿಂಗಳಿಗೂ ಮಿಕ್ಕಿ ಬಂದಿಯಾಗಿದ್ದ. ಮುಂದೆ ಈಶಾನ್ಯ ಜಪಾನಿನಲ್ಲಿ ಸಣ್ಣ ಸರ್ಕಾರಿ ಕೆಲಸಕ್ಕೆ ಸೇರಿದಾಗ ಮೇಲಧಿಕಾರಿಯ ಕೊಲೆಯ ಸುಳ್ಳು ಆರೋಪ ತಲೆಗೆ ಬಂದು, 1871ರಿಂದ 1874ರವರೆಗೆ ಮತ್ತೆ ಸೆರೆ. ಊರಿಗೆ ಮರಳಿದ ಮೇಲೆ ಪತ್ರಿಕೆ, ಪ್ರಾಂತ್ಯದ ಶಾಸನಸಭೆ, ನಿರಂಕುಶನಾದ ಗವರ್ನರನೊಡನೆ ಜಗಳ, ಪುನಃ ಬಂಧನ. 1886ರಲ್ಲಿ ಅದೇ ಸಭೆಯ ಅಧ್ಯಕ್ಷನಾದ. 1889ರಲ್ಲಿ ಮೆಯಿಜಿ ಚಕ್ರವರ್ತಿ ರಾಜ್ಯಾಂಗವನ್ನು ಘೋಷಿಸಿದ ಸಮಾರಂಭದಲ್ಲಿ ಆ ಪದವಿಯ ಗೌರವದಿಂದ ಪಾಲ್ಗೊಂಡ. ಆ ಬರಹವನ್ನು ತನಾಕಾ ನಂಬಿದಷ್ಟು ಗಾಢವಾಗಿ, ಅದನ್ನು ಬರೆದವರೂ ನಂಬಿದ್ದರೋ ಇಲ್ಲವೋ.

ಇನ್ನು ನದಿಯ ಮಾತು. ವತರಾಸೆ ನದಿ ಆಶಿಯೋ ಬೆಟ್ಟಗಳಲ್ಲಿ ಹುಟ್ಟಿ, ಬಯಲಿಗಿಳಿದು, ತೋನೆ ಎಂಬ ಮಹಾನದಿಯನ್ನು ಕೂಡುತ್ತದೆ. ಹಿಂದೆಲ್ಲ ಅದಕ್ಕೆ ನೆರೆ ಬಂದರೆ ತೀರದ ರೈತ ಪೂರ್ತಿ ಎದೆಗುಂದುತ್ತಿರಲಿಲ್ಲ. ಒಂದು ಬೆಳೆ ಹೋದರೂ, ಕಾಡಿನಿಂದ ತೊಳೆದು ಬಂದ ಮೆಕ್ಕಲುಮಣ್ಣು ಗೊಬ್ಬರದ ಖರ್ಚಿಲ್ಲದೆಯೇ ಮುಂದಿನ ಬೆಳೆಯನ್ನು ತುಂಬಿಕೊಡುತ್ತಿತ್ತು. 1877ರಲ್ಲಿ ಫುರುಕಾವಾ ಇಚಿಬೇ ಎಂಬ ವರ್ತಕ ಆಶಿಯೋದ ಹಳೆಯ ತಾಮ್ರದ ಗಣಿಯನ್ನು ಕೊಂಡ. ಕೆಲವೇ ವರ್ಷಗಳಲ್ಲಿ ಸಮೃದ್ಧವಾದ ಅದಿರಿನ ಪದರಗಳು ದೊರೆತು ಅದು ದೇಶದಲ್ಲೆಲ್ಲ ದೊಡ್ಡ ಗಣಿಯಾಯಿತು. ಸುರಂಗದ ಆಸರೆಗೆ ಮರ ಬೇಕು, ಕುಲುಮೆಗೆ ಇದ್ದಲು ಬೇಕು. ಬೆಟ್ಟದ ಕಾಡು ಬೋಳಾಯಿತು. ಕೊಡಲಿಗೆ ಸಿಕ್ಕದೆ ಉಳಿದುದನ್ನು ಗಂಧಕದ ಹೊಗೆ ಸುಟ್ಟಿತು. ಹಿಡಿದಿಡುವ ಬೇರಿಲ್ಲದೆ ಮಣ್ಣು ಜಾರಿ ನದಿಯ ಪಾತ್ರ ಮೇಲೆದ್ದಿತು. ಮಳೆ ಬಿದ್ದೊಡನೆ ನೀರು ಏರಿ ಮೀರಿತು. ಬಯಲಿಗೆ ಬಂದ ಮೆಕ್ಕಲಿನಲ್ಲಿ ಈಗ ತಾಮ್ರದ ವಿಷ ಬೆರೆತಿತ್ತು. ಮೀನು ಸತ್ತು ಬೆಸ್ತರು ಕಸುಬು ಬಿಟ್ಟರು. 1890ರ ಪ್ರವಾಹ ಇಳಿದ ಮೇಲೆ ಗದ್ದೆಯ ಪೈರು ಬೇರಿನಿಂದಲೇ ಕೊಳೆಯಿತು. ಮೇಲಿನ ಬೆಟ್ಟಕ್ಕೂ ಕೆಳಗಿನ ಗದ್ದೆಗೂ ಇರುವ ನಂಟನ್ನು ಪಂಡಿತರ ವರದಿಗಿಂತ ಮೊದಲು ಅರಿತವರು ಆ ರೈತರೇ.

ಅದೇ 1890ರಲ್ಲಿ ಜಪಾನಿನ ಮೊದಲ ಪಾರ್ಲಿಮೆಂಟಿಗೆ ತನಾಕಾ ಆಯ್ಕೆಯಾಗಿದ್ದ. ಮರುವರ್ಷದ ಡಿಸೆಂಬರಿನಲ್ಲಿ ಪ್ರಶ್ನೆಯೆತ್ತಿದ. ಪ್ರಜೆಯ ಆಸ್ತಿಗೆ ರಾಜ್ಯಾಂಗದ 27ನೆಯ ವಿಧಿ ರಕ್ಷಣೆ ಕೊಟ್ಟಿದೆ. ಲೋಕಹಿತಕ್ಕೆ ಬಾಧಕವಾದ ಗಣಿಯನ್ನು ನಿಲ್ಲಿಸುವ ಅಧಿಕಾರ ಕಾನೂನಿನಲ್ಲಿದೆ. ಹಾಗಿದ್ದೂ ಏಕೆ ನಿಲ್ಲಿಸಿಲ್ಲ ಎಂಬುದು ಆತನ ವಾದದ ಸಾರ. ಉತ್ತರ ಹೇಳಬೇಕಾದ ಕೃಷಿ ಮತ್ತು ವಾಣಿಜ್ಯ ಮಂತ್ರಿ ಮುತ್ಸು ಮುನೆಮಿತ್ಸು. ಆತನ ಎರಡನೆಯ ಮಗ ಫುರುಕಾವಾನ ಮನೆಗೆ ದತ್ತುಹೋಗಿದ್ದ! ಗಣಿಯವರು ಹಳ್ಳಿಹಳ್ಳಿಗೂ ಮಧ್ಯಸ್ಥರ ಮೂಲಕ ಬಂದು ಅಲ್ಪ ಹಣ ಕೊಟ್ಟು, ಇನ್ನು ದೂರುವುದಿಲ್ಲವೆಂಬ ಕರಾರಿಗೆ ರುಜು ಹಾಕಿಸಿಕೊಂಡರು. ಹಸಿದವರು ರುಜು ಹಾಕಿದರು, ಅವರನ್ನು ದೂರಲಾಗದು. ಆದರೆ 1896ರಲ್ಲಿ ಮೇಲಿಂದ ಮೇಲೆ ಬಂದ ಮಹಾಪ್ರವಾಹಗಳು ಆ ಕರಾರುಗಳ ಬೆಲೆಯನ್ನು ತೋರಿಸಿಬಿಟ್ಟವು. ಉನ್‌ರ್ಯೂಜಿ ಎಂಬ ಬೌದ್ಧ ದೇವಾಲಯ ಹೋರಾಟದ ಠಾಣ್ಯವಾಯಿತು. 1897ರಿಂದ ರೈತರು ಸಾವಿರಗಟ್ಟಲೆಯಾಗಿ ರಾಜಧಾನಿಗೆ ಕಾಲ್ನಡಿಗೆಯಲ್ಲಿ ಹೊರಟರು. ಸರ್ಕಾರ ಸೋಸುಕೊಳಗಳನ್ನು ಕಟ್ಟಲು ಗಣಿಗೆ ಆಜ್ಞೆ ಮಾಡಿತು. ಗಣಿ ಮಾತ್ರ ನಿಲ್ಲಲಿಲ್ಲ. 1900ರ ಫೆಬ್ರವರಿ 13ರಂದು ಕವಮಾತಾ ಎಂಬಲ್ಲಿ ನದಿ ದಾಟಲು ಬಂದ ಮೆರವಣಿಗೆಯ ಮೇಲೆ ಪೋಲೀಸರು ಬಿದ್ದರು; ನಿಶ್ಶಸ್ತ್ರರಾದವರನ್ನು ಹೊಡೆದು, 51 ಮಂದಿಯನ್ನು ಕಟಕಟೆಗೆ ನಿಲ್ಲಿಸಿದರು. ಆಕಳಿಕೆಯ ಪ್ರಸಂಗ ನಡೆದುದು ಈ ಮೊಕದ್ದಮೆಯಲ್ಲಿಯೇ.

ಹತ್ತು ವರ್ಷ ಸಭೆಯಲ್ಲಿ ಕೂಗಿದವನಿಗೆ ಕೊನೆಗೆ ಆ ಸಭೆಯೇ ಬೇಡವಾಯಿತು. 1901ರ ಅಕ್ಟೋಬರಿನಲ್ಲಿ ಸ್ಥಾನ ಬಿಟ್ಟುಕೊಟ್ಟ. ಡಿಸೆಂಬರ್ 10ರಂದು, ಪಾರ್ಲಿಮೆಂಟಿನ ಪ್ರಾರಂಭೋತ್ಸವ ಮುಗಿಸಿ ಮರಳುತ್ತಿದ್ದ ಚಕ್ರವರ್ತಿಯ ರಥದತ್ತ ಬಿನ್ನವತ್ತಳೆಯನ್ನು ಹಿಡಿದು ಓಡಿದ. ಅದರ ಕರಡನ್ನು ಬರೆದುಕೊಟ್ಟವನು ಪತ್ರಕರ್ತ ಕೋತೋಕು ಶೂಸುಯಿ. ಮುಂದೆ ರಾಜದ್ರೋಹದ ಆಪಾದನೆಯ ಮೇಲೆ 1911ರಲ್ಲಿ ಗಲ್ಲಿಗೇರಿದವನು. ಬಿನ್ನಹ ದೊರೆಗೆ ಮುಟ್ಟಲಿಲ್ಲ, ಕಾವಲಿನವರು ತಡೆದರು. ಮೊಕದ್ದಮೆ ಹೂಡಿದರೆ ವಿಷಯ ಬೆಳೆದೀತೆಂದೋ ಏನೋ, ಹುಚ್ಚನೆಂದು ಹೇಳಿ ಬಿಟ್ಟುಬಿಟ್ಟರು. ಆದರೆ ದೇಶ ಎಚ್ಚೆತ್ತಿತು. ಆ ತಿಂಗಳ ಕೊನೆಯಲ್ಲಿ ಸಾವಿರದಷ್ಟು ವಿದ್ಯಾರ್ಥಿಗಳು ಹಾಳಾದ ಹಳ್ಳಿಗಳನ್ನು ನೋಡಲು ಹೊರಟರು. ಮುಂದೆ ಅರ್ಥಶಾಸ್ತ್ರಜ್ಞನೆಂದು ಹೆಸರಾದ ಕವಕಾಮಿ ಹಾಜಿಮೆ ಆಗ ವಿದ್ಯಾರ್ಥಿ. ಮೈಮೇಲಿನ ಚಳಿಯಂಗಿಯನ್ನೇ ಸಭೆಯಲ್ಲಿ ದಾನವಿತ್ತ. ಕಾದಂಬರಿಕಾರ ಶಿಗಾ ನವೋಯಾನಿಗೂ ಅವನ ತಂದೆಗೂ ಹುಟ್ಟಿದ ವಿರಸಕ್ಕೆ ಒಂದು ಮೂಲ ಈ ಪ್ರಯಾಣದ ಚರ್ಚೆಯೇ; ಅಜ್ಜನ ಕಾಲದಲ್ಲಿ ಆ ಮನೆತನದ ಹಣ ಆಶಿಯೋದಲ್ಲಿ ತೊಡಗಿತ್ತು.

ಸರ್ಕಾರ ಕಂಡುಕೊಂಡ ಉಪಾಯ ಚತುರವಾದುದು. ತಜ್ಞರ ಸಮಿತಿ 1903ರಲ್ಲಿ, ಗದ್ದೆಯಲ್ಲಿರುವ ವಿಷವೆಲ್ಲ ಹಳೆಯ ಶೇಷ, ಈಗ ಬೇಕಾದುದು ನೆರೆಯ ನಿವಾರಣೆ ಎಂದಿತು. ಅಲ್ಲಿಗೆ ಗಣಿಯ ಪ್ರಶ್ನೆ ನದಿಯ ಪ್ರಶ್ನೆಯಾಗಿ ಮಾರ್ಪಟ್ಟಿತು. ತಪ್ಪು ಬೆಟ್ಟದಿಂದಿಳಿದು ನೀರಿನ ತಲೆಗೆ ಕಟ್ಟಿತು. ನೆರೆನೀರು ತಂಗಲು ತಾಣವೊಂದು ಬೇಕಾಗಿ, ವತರಾಸೆ ಕೆಳಹರಿವಿನಲ್ಲಿದ್ದ ಯನಾಕಾ ಎಂಬ ಹಳ್ಳಿಯನ್ನು ಅದಕ್ಕೆ ಗೊತ್ತುಮಾಡಿದರು. ಸುಮಾರು 450 ಮನೆಗಳ, ಫಲವತ್ತಾದ ಊರು. 1904ರ ಡಿಸೆಂಬರಿನಲ್ಲಿ, ದೇಶವೆಲ್ಲ ರಷ್ಯದೊಡನೆ ನಡೆದ ಯುದ್ಧದ ಗುಂಗಿನಲ್ಲಿದ್ದಾಗ, ಪ್ರಾಂತ್ಯದ ಸಭೆ ರಾತ್ರಿಯ ಗುಪ್ತ ಅಧಿವೇಶನದಲ್ಲಿ ಹಳ್ಳಿಯನ್ನು ಕೊಳ್ಳುವ ಹಣಕ್ಕೆ ಒಪ್ಪಿಗೆಯಿತ್ತಿತು.

ಅದಕ್ಕೂ ಮೊದಲೇ, ಆ ವರ್ಷದ ಜುಲೈಯಲ್ಲಿ, ತನಾಕಾ ಯನಾಕಾಕ್ಕೆ ಹೋಗಿ ನೆಲಸಿದ್ದ. ಈ ಬಾಳಿನ ಅತ್ಯಂತ ಗಹನವಾದ ಭಾಗ ಇಲ್ಲಿಂದ ಮುಂದಿನದೆಂದು ನನ್ನ ಎಣಿಕೆ. ನಮ್ಮಲ್ಲಿ ಬರುವ ಸಂಕ್ಷೇಪ ಚರಿತ್ರೆಗಳು ರಥದತ್ತ ಓಡಿದಲ್ಲಿಗೇ ಮುಗಿದುಬಿಡುತ್ತವೆ. ಒಂದೊಂದೇ ಕುಟುಂಬ ಹಣ ಪಡೆದು ಹೊರಟಿತು. 1907ರ ಜೂನ್ ಕೊನೆಗೆ 16 ಮನೆಗಳು ಉಳಿದಿದ್ದವು. ಒಂದು ವಾರದಲ್ಲಿ ಅವನ್ನೂ ಕೆಡವಿದರು. ಮಳೆಯಲ್ಲಿ ನಿಂತ ಜನ ಆ ನೆಲದ ಮೇಲೆಯೇ ಗುಡಿಸಲು ಕಟ್ಟಿಕೊಂಡರು. ಅದೇ ವರ್ಷದ ನೆರೆಯಲ್ಲಿ ಅವರ ಪಾಡೇನಾಯಿತೋ ಎಂದು ತನಾಕಾ ದೋಣಿಯಲ್ಲಿ ಹೋಗಿ ನೋಡಿದರೆ, ನೀರಿನ ನಡುವೆ ಅವರು ಕಳವಳವಿಲ್ಲದೆ ಕುಳಿತಿದ್ದರು. ಆವರೆಗೆ ಆತ ಕಲಿಸಲು ಬಂದವನು: ಹಕ್ಕು, ಕಾನೂನು, ರಾಜ್ಯಾಂಗ. ಇವರಿಗೆ ತಾನು ಕಲಿಸಬೇಕಾದುದು ಕಡಿಮೆ, ಇವರಿಂದ ಕಲಿಯಬೇಕಾದುದೇ ಹೆಚ್ಚು ಎಂದು ಅರವತ್ತೈದು ದಾಟಿದ ಮುದುಕನಿಗೆ ಹೊಳೆಯಿತು. ದಿನಚರಿಯಲ್ಲಿ ತನ್ನ ಹಳೆಯ ಅಹಂಕಾರವನ್ನು ತಾನೇ ನಿಷ್ಠುರವಾಗಿ ಹಳಿದುಕೊಂಡ. ಉಪದೇಶಿಸುವುದೇ ಕಸುಬಾದ ನಮ್ಮಂಥವರು ಆ ಪುಟಗಳನ್ನು ಸುಲಭವಾಗಿ ದಾಟಿಹೋಗಲಾರೆವು.

1910ರ ಮಹಾಪ್ರವಾಹದ ಅನಂತರ ಆತನ ಕಾಲು ನಿಲ್ಲಲೇ ಇಲ್ಲ. ವತರಾಸೆ, ತೋನೆ, ಅವುಗಳ ಉಪನದಿಗಳ ದಂಡೆ ಹಿಡಿದು ನಡೆದ. ನೀರು ಎಲ್ಲಿಯವರೆಗೆ ಏರಿತ್ತೆಂದು ಊರೂರಿನಲ್ಲಿ ಕೇಳಿ ಬರೆದುಕೊಂಡ. ಎಡೋ ನದಿಯ ಬಾಯಿಯನ್ನು ಸೆಕಿಯಾಡೋ ಎಂಬಲ್ಲಿ ಕಿರಿದುಗೊಳಿಸಿದ್ದರಿಂದಲೇ ತೋನೆಯ ನೀರು ವತರಾಸೆಯೊಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ, ಯನಾಕಾವನ್ನು ಮುಳುಗಿಸಿದರೆ ಅದು ತಪ್ಪದು ಎಂದು ವಾದಿಸಿದ.

1913ರ ಆಗಸ್ಟಿನಲ್ಲಿ ಇಂಥ ಅಲೆದಾಟದ ನಡುವೆ ರೈತನೊಬ್ಬನ ಮನೆಯಲ್ಲಿ ಕುಸಿದು, ಸೆಪ್ಟೆಂಬರ್ 4ರಂದು ಅಲ್ಲಿಯೇ ತೀರಿಕೊಂಡ. ಜೊತೆಗಿದ್ದುದು ಒಂದು ಹುಲ್ಲಿನ ಟೋಪಿ, ಒಂದು ಬಟ್ಟೆಯ ಚೀಲ. ಚೀಲದಲ್ಲಿ ಬೈಬಲಿನ ಹೊಸ ಒಡಂಬಡಿಕೆ, ಮತ್ತಾಯನ ಸುವಾರ್ತೆಯೊಡನೆ ಸೇರಿಸಿ ಹೊಲಿದ ರಾಜ್ಯಾಂಗ, ದಿನಚರಿಗಳು, ಮುಗಿಯದ ಒಂದು ಹಸ್ತಪ್ರತಿ, ಮೂರು ಕಲ್ಲುಗಳು. ಅಂತ್ಯಕ್ರಿಯೆಗೆ ಹತ್ತಾರು ಸಾವಿರ ಜನ ಸೇರಿದರು. ಊರುಗಳೆಲ್ಲ ತಮಗೆ ಬೇಕೆಂದುದರಿಂದ ಅಸ್ಥಿಯನ್ನು ಹಂಚಬೇಕಾಯಿತು. ಯನಾಕಾದ ಗುಡಿಸಲುಗಳಿಗೂ ಒಂದು ಪಾಲು ಸಂದಿತು. ಆ ಗುಡಿಸಲುಗಳ ಜನ 1917ರವರೆಗೂ ಅಲ್ಲಿಂದ ಕದಲಲಿಲ್ಲ. ಆಶಿಯೋ ಗಣಿ ಮುಚ್ಚಿದುದು 1973ರಲ್ಲಿ. ಮರುವರ್ಷ ಗಣಿಯ ಕಂಪನಿ ತೀರದ ರೈತರಿಗೆ 155 ಕೋಟಿ ಯೆನ್ ಪರಿಹಾರ ಕೊಡಲು ಒಪ್ಪಿತು.